ಮಾಡಿ ತೋರಿಸದ ಗುರುಗಳು

ಎಂಟು ಎಣಿಕೆಯ ಒಂದು ಚಲನೆ ಕಟ್ಟಿಕೊಂಡು ಬನ್ನಿ. ಸಂಗೀತ ಇರುವುದಿಲ್ಲ. ಕೈ ಬಳಸುವಂತಿಲ್ಲ. ಮುಖದಲ್ಲಿ ಭಾವ ಬೇಡ. ಸಮಯ ಹತ್ತು ನಿಮಿಷ.

ನೃತ್ಯ ಸಂಯೋಜನೆಯನ್ನು ಪದವಿ ಮಟ್ಟದಲ್ಲಿ ಕಲಿಸುವ ಕಡೆ ಮೊದಲ ವಾರ ಕೊಡುವ ಕೆಲಸ ಹೆಚ್ಚುಕಡಿಮೆ ಹೀಗಿರುತ್ತದೆ. ಕೇಳುವುದಕ್ಕೆ ಸಲೀಸು. ಆದರೆ ಹತ್ತು ಹನ್ನೆರಡು ವರ್ಷ ಭರತನಾಟ್ಯ ಕಲಿತು, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿ, ರಂಗಪ್ರವೇಶವನ್ನೂ ಮಾಡಿಕೊಂಡ ಹುಡುಗಿ ಇಲ್ಲಿ ನಿಂತಲ್ಲೇ ನಿಲ್ಲುತ್ತಾಳೆ. ಅವಳ ಮೈಗೆ ಏನೂ ಬಾರದೆಂದಲ್ಲ. ಅರಮಂಡಿಯಲ್ಲಿ ಅರ್ಧ ಗಂಟೆ ಕೂರಬಲ್ಲಳು, ಕಷ್ಟದ ಜತಿಯನ್ನು ಮೂರು ಕಾಲಗಳಲ್ಲಿ ತಪ್ಪಿಲ್ಲದೆ ಕುಣಿಯಬಲ್ಲಳು. ಕುಣಿಯಬೇಕಾದ್ದನ್ನು ತಾನೇ ಕಟ್ಟಬೇಕೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಇದರಲ್ಲಿ ಅವಳ ಗುರುವಿನ ತಪ್ಪೇನೂ ಇಲ್ಲ. ನಮ್ಮ ಪರಂಪರೆಯ ಪಾಠದ ಕ್ರಮವೇ ಹಾಗೆ. ಗುರು ಎದುರು ನಿಂತು ಮಾಡುತ್ತಾರೆ, ಶಿಷ್ಯ ನೋಡಿ ಮಾಡುತ್ತಾನೆ. ಅಲರಿಪುವಿನಿಂದ ತಿಲ್ಲಾನದವರೆಗೆ ದಾಟಿ ಬಂದ ಸಂಪತ್ತು ಹೀಗೇ ಉಳಿದದ್ದು, ಇನ್ನೂ ಉಳಿಯಬೇಕಾದದ್ದೂ ಹೀಗೇ. ಆದರೆ ಕಟ್ಟುವ ಕೆಲಸ ಗುರುವಿನ ಪಾಲಿನದು. ಶಿಷ್ಯೆ ಸ್ವತಃ ಟೀಚರ್ ಆಗಿ, ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಮೂವತ್ತು ಮಕ್ಕಳನ್ನು ವೇದಿಕೆ ಹತ್ತಿಸಬೇಕಾದ ದಿನ ಆ ಕೆಲಸ ಏಕಾಏಕಿ ಅವಳ ತಲೆಯ ಮೇಲೆ ಬೀಳುತ್ತದೆ. ಅಂದಿನಿಂದ ಅವಳು ನೃತ್ಯ ಸಂಯೋಜಕಿ. ಯಾರ ಬಳಿಯೂ ಕಲಿಯದೆ, ತಾನು ಕಲಿತಿದ್ದನ್ನೇ ಹಿಂದುಮುಂದು ಜೋಡಿಸಿ ಹೇಗೋ ನಿಭಾಯಿಸುತ್ತಾಳೆ.

ಕಟ್ಟುವುದನ್ನು ಕಲಿಸಬಹುದೇ? ಕಲಿಸಬಹುದು ಎಂದು ನಂಬಿ ಒಂದು ಶತಮಾನದಿಂದ ಕೆಲಸ ಮಾಡುತ್ತ ಬಂದವರಿದ್ದಾರೆ. ಅವರ ಚರಿತ್ರೆಯನ್ನು ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಪಾಠಕ್ಕೆ ರೂಪ ಕೊಟ್ಟವರಲ್ಲಿ ಹಲವರು ನೃತ್ಯದ ಮನೆಯವರಲ್ಲ, ಹೊರಗಿನಿಂದ ಬಂದವರು. ಮಾಡಿ ತೋರಿಸಲು ಅವರಲ್ಲಿ ಸಿದ್ಧ ಹೆಜ್ಜೆಗಳಿರಲಿಲ್ಲ. ಹಾಗಾಗಿ ಅವರು ಕೇಳಬೇಕಾಯಿತು, ನೋಡಬೇಕಾಯಿತು, ಷರತ್ತು ಹಾಕಬೇಕಾಯಿತು. ನೃತ್ಯ ಸಂಯೋಜನೆಯ ತರಗತಿ ಹುಟ್ಟಿದ್ದು ಆ ಅನಿವಾರ್ಯದಿಂದ ಎಂದು ನಾನು ಬಲವಾಗಿ ನಂಬುತ್ತೇನೆ.

ಮಾರ್ಗರೆಟ್ ಎಚ್‌ಡೌಬ್ಲರ್ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಿದವರು. ಅಲ್ಲಿಯೇ ಹೆಣ್ಣುಮಕ್ಕಳ ದೈಹಿಕ ಶಿಕ್ಷಣ ವಿಭಾಗ ಸೇರಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. 1916ರಲ್ಲಿ ಉನ್ನತ ವ್ಯಾಸಂಗಕ್ಕೆಂದು ನ್ಯೂಯಾರ್ಕ್‌ಗೆ ಹೊರಟಾಗ, ವಿಶ್ವವಿದ್ಯಾಲಯದಲ್ಲಿ ಕಲಿಸಲು ಯೋಗ್ಯವಾದ ನೃತ್ಯ ಏನಾದರೂ ಇದೆಯೇ ನೋಡಿಕೊಂಡು ಬಾ ಎಂದು ವಿಭಾಗದ ಮುಖ್ಯಸ್ಥೆ ಹೇಳಿ ಕಳಿಸಿದರು. ಆಕೆ ಹಲವು ನೃತ್ಯಶಾಲೆಗಳನ್ನು ಸುತ್ತಿ ನೋಡಿದರು, ಯಾವುದೂ ಹಿಡಿಸಲಿಲ್ಲ. ಎಲ್ಲ ಕಡೆಯೂ ಹೆಜ್ಜೆಗಳನ್ನು ನಕಲು ಮಾಡಿಸುತ್ತಿದ್ದರು. ಕೊನೆಗೆ ಒಬ್ಬ ಸಂಗೀತ ಶಿಕ್ಷಕಿಯ ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಮಲಗಿ ಚಲಿಸುವುದನ್ನು ಕಂಡಾಗ ದಾರಿ ಹೊಳೆಯಿತು. ನಿಂತ ದೇಹ ಸದಾ ಬೀಳದಂತೆ ಹೆಣಗುತ್ತಿರುತ್ತದೆ. ಮಲಗಿದಾಗ ಆ ಹೊರೆ ಇಳಿಯುತ್ತದೆ. ಬೆನ್ನುಮೂಳೆ ಹೇಗೆ ತಿರುಗುತ್ತದೆ, ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಎಷ್ಟು ಹೊರಳುತ್ತದೆ ಎಂಬುದು ಆಗ ಗಮನಕ್ಕೆ ಬರುತ್ತದೆ.

1917ರಲ್ಲಿ ಆಕೆ ಪಾಠ ಶುರುಮಾಡಿದರು. ತರಗತಿಯಲ್ಲಿ ಒಂದು ಅಸ್ಥಿಪಂಜರ ಇರುತ್ತಿತ್ತು. ಪಕ್ಕದವರನ್ನು ನೋಡಿ ನಕಲು ಮಾಡದಿರಲಿ ಎಂದು ಕೆಲವೊಮ್ಮೆ ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿಸುತ್ತಿದ್ದರು. ಆಕೆ ತಾವೇ ಮಾಡಿ ತೋರಿಸುತ್ತಿದ್ದುದು ತೀರಾ ಅಪರೂಪ. 1926ರಲ್ಲಿ ಆ ವಿಶ್ವವಿದ್ಯಾಲಯ ನೃತ್ಯವನ್ನು ಪದವಿಯ ಮುಖ್ಯ ವಿಷಯವನ್ನಾಗಿ ಅಂಗೀಕರಿಸಿತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ನರ್ತಕಿಯೇ ಅಲ್ಲದ ಒಬ್ಬ ಜೀವವಿಜ್ಞಾನದ ವಿದ್ಯಾರ್ಥಿನಿಯಿಂದ ನೃತ್ಯಕ್ಕೆ ಪದವಿಯ ಬಾಗಿಲು ತೆರೆಯಿತು.

ಎರಡನೆಯವರು ಲೂಯಿ ಹಾರ್ಸ್ಟ್, ಪಿಯಾನೊ ವಾದಕ. ಆಧುನಿಕ ನೃತ್ಯದ ನರ್ತಕಿ ಮಾರ್ಥಾ ಗ್ರಹಾಂ ಅವರ ಸಂಗೀತ ನಿರ್ದೇಶಕರಾಗಿ ವರ್ಷಗಟ್ಟಲೆ ದುಡಿದವರು. ಅವರ ಕಾಲದ ನರ್ತಕರು ಮನಸ್ಸಿಗೆ ಬಂದದ್ದನ್ನು ಮನಸ್ಸಿಗೆ ಬಂದಷ್ಟು ಹೊತ್ತು ಮಾಡುತ್ತಿದ್ದರು, ಸಂಗೀತಗಾರನ ಕಿವಿಗೆ ಅದು ಸಹ್ಯವಾಗಲಿಲ್ಲ. ಹಾಗಾಗಿ ಯುರೋಪಿನ ಹಳೆಯ ಆಸ್ಥಾನ ನೃತ್ಯಗಳ ಚೌಕಟ್ಟನ್ನು ಅವರು ವಿದ್ಯಾರ್ಥಿಗಳ ಮುಂದಿಟ್ಟರು. ಮೊದಲು ಒಂದು ವಿಷಯ, ಆಮೇಲೆ ಅದಕ್ಕೆ ಎದುರಾದ ಇನ್ನೊಂದು, ಮತ್ತೆ ಮೊದಲಿನದಕ್ಕೆ ಮರಳುವುದು. ಮೊದಲಲ್ಲಿ ಬಿತ್ತದೇ ಇದ್ದ ಯಾವ ಚಲನೆಯೂ ನಂತರ ಕಾಣಿಸಿಕೊಳ್ಳಕೂಡದು. ಬಹಳ ಬಿಗಿ. 1934ರಿಂದ ವರ್ಮಾಂಟ್‌ನ ಬೆನಿಂಗ್ಟನ್ ಕಾಲೇಜಿನ ಬೇಸಿಗೆ ಶಾಲೆಯಲ್ಲಿ, ಆಮೇಲೆ ಜೂಲಿಯಾರ್ಡ್‌ನಲ್ಲಿ ಅವರ ಕೈಯಲ್ಲಿ ಪಳಗಿದವರೇ ಮುಂದೆ ಕಾಲೇಜುಗಳ ತುಂಬ ಹರಡಿಕೊಂಡರು.

ಆ ಬಿಗಿಯನ್ನು ಸಡಿಲಿಸಿದವರೂ ಸಂಗೀತಗಾರರೇ. ರಾಬರ್ಟ್ ಡನ್ 1960ರಲ್ಲಿ ನ್ಯೂಯಾರ್ಕ್‌ನಲ್ಲಿ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ಸ್ಟುಡಿಯೋದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ಸಂಯೋಜನೆಯ ತರಗತಿ ಆರಂಭಿಸಿದರು. ಅವರಿಗೆ ಆ ಹೊಣೆ ವಹಿಸಿದ್ದು ಸಂಗೀತ ರಚನಕಾರ ಜಾನ್ ಕೇಜ್. ಡನ್ ಕೊಡುತ್ತಿದ್ದ ಕೆಲಸಗಳು ವಿಚಿತ್ರವಾಗಿರುತ್ತಿದ್ದವು: ಮೂರು ನಿಮಿಷದ ನೃತ್ಯ, ಬೇರೆ ಯಾವ ಷರತ್ತೂ ಇಲ್ಲ. ದಾಳ ಎಸೆದು ಬಂದ ಸಂಖ್ಯೆಯಂತೆ ಚಲನೆಗಳ ಅನುಕ್ರಮ. ಮಾಡಿದ ಮೇಲೆ ಅವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುತ್ತಿರಲಿಲ್ಲ. ಇದನ್ನು ಹೇಗೆ ಕಟ್ಟಿದೆ, ಏನು ಕಂಡಿತು ಎಂದು ಮಾತಿಗೆ ಎಳೆಯುತ್ತಿದ್ದರು. 1962ರ ಜುಲೈ 6ರಂದು ಆ ತರಗತಿಯವರು ಜಡ್ಸನ್ ಸ್ಮಾರಕ ಚರ್ಚ್‌ನಲ್ಲಿ ತಮ್ಮ ರಚನೆಗಳನ್ನು ಪ್ರದರ್ಶಿಸಿದರು. ಇವೊನ್ ರೈನರ್, ಸ್ಟೀವ್ ಪ್ಯಾಕ್ಸ್‌ಟನ್ ಮೊದಲಾದವರ ಹೆಸರು ಜಗತ್ತಿಗೆ ತಿಳಿದದ್ದು ಅಲ್ಲಿಂದ. ಇಂದು ಸಮಕಾಲೀನ ನೃತ್ಯ ಎಂದು ನಾವು ಕರೆಯುವುದರ ಬಹುಪಾಲು ವ್ಯಾಕರಣ ಒಂದು ಹೋಂವರ್ಕಿನಿಂದ ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನುವವರಿಗೆ ಅಲ್ಮೋರಾದ ಕಥೆ ಹೇಳಬೇಕು. ಉದಯ ಶಂಕರ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಕಲಿಯಲು ಹೋದವರು. 1923ರಲ್ಲಿ ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರೊಂದಿಗೆ ರಾಧಾ–ಕೃಷ್ಣ ನೃತ್ಯ ಮಾಡಿದಾಗ ಅವರಿಗೆ ಯಾವ ಶಾಸ್ತ್ರೀಯ ನೃತ್ಯದ ಕ್ರಮಬದ್ಧ ಶಿಕ್ಷಣವೂ ಆಗಿರಲಿಲ್ಲ. ಕಣ್ಣು ಚಿತ್ರಕಾರನದು. 1939ರಲ್ಲಿ ಹಿಮಾಲಯದ ಅಲ್ಮೋರಾದಲ್ಲಿ ಅವರು ಸ್ಥಾಪಿಸಿದ ಸಂಸ್ಕೃತಿ ಕೇಂದ್ರದಲ್ಲಿ ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಇದ್ದರು. ಅಲ್ಲಿ ಮೂರು ಪರಂಪರೆಗಳನ್ನು ಅವುಗಳ ಗುರುಗಳಿಂದಲೇ ಕಲಿಸಿ, ಜೊತೆಗೆ ಉದಯ ಶಂಕರ್ ತಾವೇ ಸ್ವಯಂಸ್ಫೂರ್ತ ಚಲನೆಯ ತರಗತಿ ನಡೆಸುತ್ತಿದ್ದರು. ನಡೆಯುವುದು ಹೇಗೆ, ಒಂದೇ ನಡಿಗೆಯನ್ನು ಎಷ್ಟು ಬಗೆಯಾಗಿ ನಡೆಯಬಹುದು ಎಂಬುದೂ ಅಲ್ಲಿ ಪಾಠವೇ.

ಬೆಂಗಳೂರಿನಲ್ಲಿ ಹುಟ್ಟಿದ, ನಮ್ಮ ಕರಾವಳಿಯ ಪಡುಕೋಣೆಯ ಹೆಸರು ಹೊತ್ತ ಹುಡುಗನೊಬ್ಬ ಹದಿಹರೆಯದಲ್ಲಿ ಆ ಕೇಂದ್ರ ಸೇರಿದ. ಮುಂದೆ ‘ಪ್ಯಾಸಾ’ ಮಾಡಿದ ಗುರುದತ್ತ್. ಚಲನಚಿತ್ರರಂಗದಲ್ಲಿ ಅವರು ಮೊದಲು ಮಾಡಿದ ಕೆಲಸಗಳಲ್ಲಿ 1946ರ ‘ಹಮ್ ಏಕ್ ಹೈಂ’ ಚಿತ್ರದ ನೃತ್ಯ ನಿರ್ದೇಶನವೂ ಒಂದು. ಅವರ ಚಿತ್ರಗಳಲ್ಲಿ ಹಾಡಿನ ನಡುವೆ ಕ್ಯಾಮೆರಾ ಪಾತ್ರದ ಹತ್ತಿರಕ್ಕೆ ಯಾವಾಗ ಬರುತ್ತದೆ, ಯಾವಾಗ ಹಿಂದೆ ಸರಿಯುತ್ತದೆ ಎಂಬುದನ್ನು ಗಮನಿಸಿದರೆ, ಜಾಗವನ್ನೂ ಕಾಲವನ್ನೂ ಅಳೆದು ಇಡುವ ಶಿಸ್ತು ಅಲ್ಮೋರಾದಲ್ಲಿ ಮೈಗೂಡಿತ್ತು ಎಂದು ನನಗೆ ಅನಿಸುತ್ತದೆ. ಕೇಂದ್ರ ಮಾತ್ರ 1944ರಲ್ಲಿ ಮುಚ್ಚಿತು. ಐದಾರು ವರ್ಷಗಳ ಆಯುಸ್ಸು. ಅದು ಉಳಿದುಕೊಂಡಿದ್ದರೆ ನೃತ್ಯ ಸಂಯೋಜನೆಯ ಶಿಕ್ಷಣದಲ್ಲಿ ಭಾರತ ಯಾರನ್ನೂ ನೋಡಿ ಕಲಿಯಬೇಕಾಗುತ್ತಿರಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಸದಾ ಇರುವ ನೋವು.

ಉದಯ ಶಂಕರ್ ಅವರ ಎಳೆ ಬೆಂಗಳೂರಿಗೆ ಇನ್ನೊಂದು ದಾರಿಯಲ್ಲೂ ಬಂತು. ಅವರ ತಂಡದ ಪ್ರದರ್ಶನವನ್ನು ಇಲ್ಲಿ ನೋಡಿದ ವಾಸ್ತುಶಿಲ್ಪಿಯೊಬ್ಬರು ತಮ್ಮ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಬೇಕೆಂದು ನಿಶ್ಚಯಿಸಿದರು. ಮರ್ಯಾದಸ್ಥರ ಮನೆಯ ಹುಡುಗಿಯರು ಕುಣಿಯಬಾರದು ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ಆ ಮಕ್ಕಳಲ್ಲಿ ಒಬ್ಬರು ಮಲ್ಲೇಶ್ವರದ ಮಾಯಾ ರಾವ್. ಇಲ್ಲಿ ಸೋಹನ್ ಲಾಲ್ ಅವರಲ್ಲಿ ಜೈಪುರ ಘರಾಣೆಯ ಕಥಕ್ ಕಲಿತು, ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾಗಿ, ಹೆಸರಾದ ಕಲಾವಿದೆ ಎನಿಸಿಕೊಂಡ ಮೇಲೆ, 1960ರಲ್ಲಿ ಆಕೆ ಮತ್ತೆ ವಿದ್ಯಾರ್ಥಿನಿಯಾದರು. ಸೋವಿಯತ್ ವಿದ್ಯಾರ್ಥಿವೇತನ ಪಡೆದು ನೃತ್ಯ ಸಂಯೋಜನೆ ಓದಲು ಮಾಸ್ಕೋದ ನಾಟಕ ಸಂಸ್ಥೆ ಗಿಟಿಸ್‌ಗೆ ಹೋದರು. ಆಗ ಅವರಿಗೆ ಮೂವತ್ತು ದಾಟಿತ್ತು.

ಗಿಟಿಸ್‌ನಲ್ಲಿ ನೃತ್ಯ ಸಂಯೋಜಕರನ್ನು ತಯಾರು ಮಾಡುವ ವಿಭಾಗವನ್ನು 1946ರಿಂದ ಕಟ್ಟಿ ಬೆಳೆಸಿದವರು ಬೊಲ್ಶೊಯ್ ಬ್ಯಾಲೆಯ ರೋಸ್ತಿಸ್ಲಾವ್ ಝಖಾರೊವ್. ಅವರದು ನಾಟಕೀಯ ಬ್ಯಾಲೆಯ ಪಂಥ. ಆ ಪಂಥದಲ್ಲಿ ಒಂದು ಹೆಜ್ಜೆ ಹಾಕುವ ಮೊದಲು ಕಾಗದದ ಮೇಲೆ ಯೋಜನೆ ಸಿದ್ಧವಿರಬೇಕು. ಕಥೆ ಎಲ್ಲಿ ತಿರುಗುತ್ತದೆ, ಆ ತಿರುವಿಗೆ ಎಷ್ಟು ನಿಮಿಷದ ಸಂಗೀತ ಬೇಕು, ಗುಂಪು ಎಲ್ಲಿರುತ್ತದೆ, ಒಂಟಿ ಪಾತ್ರ ಎಲ್ಲಿಂದ ಬರುತ್ತದೆ. ಎಲ್ಲವೂ ಮೊದಲೇ ಬರಹದಲ್ಲಿ. ಡನ್ ಅವರ ದಾಳಕ್ಕೂ ಇದಕ್ಕೂ ಅಜಗಜಾಂತರ. ಆದರೆ ಎರಡೂ ಕಡೆ ವಿದ್ಯಾರ್ಥಿಯನ್ನು ಕೇಳುವ ಪ್ರಶ್ನೆ ಒಂದೇ: ಈ ಚಲನೆ ಇಲ್ಲಿ ಏಕಿದೆ?

ಮಾಯಾ ರಾವ್ ಹಿಂದಿರುಗಿದ ಮೇಲೆ, ಕಮಲಾದೇವಿ ಚಟ್ಟೋಪಾಧ್ಯಾಯರ ಒತ್ತಾಸೆಯಿಂದ 1964ರಲ್ಲಿ ದೆಹಲಿಯಲ್ಲಿ ನೃತ್ಯ ಸಂಯೋಜನೆಗೆಂದೇ ನಾಟ್ಯ ಸಂಸ್ಥೆ ಆರಂಭವಾಯಿತು. 1987ರಲ್ಲಿ ಅದು ಬೆಂಗಳೂರಿಗೆ ಬಂತು. ಇಲ್ಲಿ ನೃತ್ಯ ಸಂಯೋಜನೆ ಪದವಿಯ ವಿಷಯವಾಯಿತು. ಇಂದು ಹೆಸರಾದ ನಿರುಪಮಾ–ರಾಜೇಂದ್ರ ನೃತ್ಯ ಜೋಡಿ ಮಾಯಾ ರಾವ್ ಅವರ ಗರಡಿಯಲ್ಲಿ ಬೆಳೆದದ್ದು. ಮಾಯಾ ರಾವ್ ಅವರ ಮಗಳು ಮಧು ನಟರಾಜ್ 1995ರಲ್ಲಿ ಸ್ಟೆಮ್ ಡಾನ್ಸ್ ಕಂಪನಿ ಕಟ್ಟಿ, ಕಥಕ್ ಮತ್ತು ಸಮಕಾಲೀನ ನೃತ್ಯವನ್ನು ಒಂದೇ ಸೂರಿನಡಿ ತಂದರು. ಕಥಕ್‌ನ ತತ್ಕಾರವನ್ನು ಮಾಡಿ ತೋರಿಸಬಲ್ಲ ಗುರುವೇ, ಮಾಡಿ ತೋರಿಸದೆ ಕೇಳುವ ಪಾಠವನ್ನೂ ಕಲಿತು ಬಂದರು ಎಂಬುದು ಮಾಯಾ ರಾವ್ ಅವರ ವಿಶೇಷ. ನಮ್ಮ ನಾಡು ಅವರನ್ನು ಕಥಕ್ ಗುರುವಾಗಿ ಗೌರವಿಸಿದಷ್ಟು, ಒಂದು ಹೊಸ ಅಧ್ಯಯನ ಶಿಸ್ತನ್ನು ತಂದುಕೊಟ್ಟವರೆಂದು ನೆನೆಯುತ್ತಿಲ್ಲ. 2014ರಲ್ಲಿ ಆಕೆ ತೀರಿಕೊಂಡರು.

ಬೆಂಗಳೂರಿನ ಇನ್ನೊಂದು ಹೆಸರು ಅಟ್ಟಕ್ಕಲರಿ. 1992ರಲ್ಲಿ ಆರಂಭವಾದ ಆ ಕೇಂದ್ರವನ್ನು ಮುನ್ನಡೆಸಿದ ಜಯಚಂದ್ರನ್ ಪಾಲಾಳಿ ಲಂಡನ್ ಕಂಟೆಂಪರರಿ ಡಾನ್ಸ್ ಸ್ಕೂಲ್‌ನಲ್ಲಿ ಕಲಿತವರು. ಕಳರಿಪಯಟ್ಟು, ಭರತನಾಟ್ಯ, ಯೋಗ, ಬ್ಯಾಲೆ, ಬೆಳಕು ಮತ್ತು ಡಿಜಿಟಲ್ ಮಾಧ್ಯಮ ಎಲ್ಲವನ್ನೂ ಸೇರಿಸಿದ ಅವರ ಡಿಪ್ಲೊಮಾಕ್ಕೆ ದೇಶದ ಮೂಲೆಮೂಲೆಗಳಿಂದ ಹುಡುಗರು ಬಂದರು. ಅವರಲ್ಲಿ ಶಾಸ್ತ್ರೀಯ ಹಿನ್ನೆಲೆಯವರು ಮಾತ್ರವಲ್ಲ, ಟಿ.ವಿ. ನೋಡಿ ಹಿಪ್‌ಹಾಪ್ ಕಲಿತವರೂ ಇದ್ದರು.

ಇನ್ನು ಇಂಥ ಕೋರ್ಸಿನ ಒಂದು ದಿನ ಹೇಗಿರುತ್ತದೆ? ಬೆಳಗ್ಗೆ ತಂತ್ರದ ತರಗತಿ. ಗ್ರಹಾಂ ಪದ್ಧತಿಯಲ್ಲಿ ಕಿಬ್ಬೊಟ್ಟೆಯನ್ನು ಒಳಗೆ ಎಳೆದು ಬಿಡುವುದೇ ಎಲ್ಲ ಚಲನೆಯ ಮೂಲ. ನೃತ್ಯ ಸಂಯೋಜಕಿ ಡೋರಿಸ್ ಹಂಫ್ರಿ ಅವರ ಪದ್ಧತಿಯಲ್ಲಿ ಬೀಳುವುದು ಮತ್ತು ಚೇತರಿಸಿಕೊಂಡು ಏಳುವುದು. ಇತ್ತೀಚಿನ ಶಾಲೆಗಳಲ್ಲಿ ಸ್ನಾಯುಗಳನ್ನು ಆದಷ್ಟು ಸಡಿಲಬಿಟ್ಟು ಮೂಳೆಯ ಭಾರದಿಂದಲೇ ಚಲಿಸುವುದನ್ನು ಕಲಿಸುತ್ತಾರೆ. ಜೊತೆಗೆ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್. ಇದೂ ಕಾಲೇಜಿನ ಕೂಸೇ. 1972ರಲ್ಲಿ ಓಬರ್ಲಿನ್ ಕಾಲೇಜಿನ ವಿದ್ಯಾರ್ಥಿಗಳೊಂದಿಗೆ ಸ್ಟೀವ್ ಪ್ಯಾಕ್ಸ್‌ಟನ್ ಚಾಪೆಯ ಮೇಲೆ ಬೀಳುವ, ಡಿಕ್ಕಿ ಹೊಡೆಯುವ, ಉರುಳುವ ಒಂದು ರಚನೆ ಮಾಡಿದರು. ಅದರ ಕೊನೆಯಲ್ಲಿ ಎಲ್ಲರೂ ಕೆಲವು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ನಿಂತು ನೋಡಿದರೆ ತಿಳಿಯುತ್ತದೆ: ದೇಹ ನಿಂತೇ ಇರುವುದಿಲ್ಲ. ಪಾದದ ಅಡಿಯಲ್ಲಿ ಭಾರ ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಅಂಚಿಗೆ ಸರಿಯುತ್ತ ಇರುತ್ತದೆ. ಆ ಸೂಕ್ಷ್ಮ ಓಡಾಟವನ್ನು ಗಮನಿಸುವುದೇ ಒಂದು ಅಭ್ಯಾಸ. ಮೈ ಮುಟ್ಟಿ, ಭಾರ ಹಂಚಿಕೊಂಡು ಚಲಿಸುವ ಈ ಪಾಠ ನಮ್ಮ ಮಕ್ಕಳಿಗೆ ಮೊದಲು ಮುಜುಗರ ತರುತ್ತದೆ. ಒಪ್ಪಿಗೆ ಕೇಳುವುದು, ಬೇಡ ಎನ್ನುವುದು, ಅದನ್ನು ಗೌರವಿಸುವುದು ಪಠ್ಯದ ಭಾಗವಾಗಿರದ ಕಡೆ ಇದನ್ನು ಕಲಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಧ್ಯಾಹ್ನ ಅಂಗರಚನೆ, ನೃತ್ಯದ ಇತಿಹಾಸ, ಸಂಗೀತ, ಬೆಳಕು. ಅಂಗರಚನೆಯನ್ನು ಬಹಳ ಜನ ಕಡೆಗಣಿಸುತ್ತಾರೆ. ಮಂಡಿಯನ್ನು ಹೊರಮುಖವಾಗಿ ತಿರುಗಿಸಬೇಕಾದದ್ದು ಸೊಂಟದ ಕೀಲಿನಿಂದ. ಅಲ್ಲಿ ತಿರುಗದಿದ್ದರೆ ಪಾದ ತಿರುಗುತ್ತದೆ, ನಡುವೆ ಸಿಕ್ಕಿಕೊಂಡ ಮಂಡಿ ಅದರ ಬೆಲೆ ತೆರುತ್ತದೆ. ಇದನ್ನು ಹದಿನೆಂಟನೆಯ ವಯಸ್ಸಿನಲ್ಲಿ ತಿಳಿದುಕೊಂಡವರು ನಲವತ್ತರಲ್ಲೂ ಅರಮಂಡಿ ಕೂರುತ್ತಾರೆ. ನೆಲದ ಮಾತೂ ಹಾಗೆಯೇ. ನೃತ್ಯದ ಸ್ಟುಡಿಯೋದಲ್ಲಿ ಕಾಂಕ್ರೀಟಿನ ಮೇಲೆ ರಬ್ಬರ್ ತುಂಡುಗಳನ್ನೂ ಮರದ ಪಟ್ಟಿಗಳನ್ನೂ ಇಟ್ಟು, ಮೇಲೆ ಹಲಗೆ ಹೊದಿಸಿ, ಅದರ ಮೇಲೆ ಜಾರದ ವಿನೈಲ್ ಹಾಸಿರುತ್ತಾರೆ. ಕಾಲು ಬಿದ್ದಾಗ ನೆಲ ತುಸು ಬಾಗಿ ಹೊಡೆತವನ್ನು ನುಂಗಿಕೊಳ್ಳುತ್ತದೆ. ಗ್ರಾನೈಟ್ ಮೇಲೆ ತಟ್ಟಿದರೆ ಆ ಹೊಡೆತ ಪೂರ್ತಿ ಮೊಳಕಾಲಿಗೆ ಮರಳುತ್ತದೆ. ನಮ್ಮ ಎಷ್ಟೋ ತರಗತಿಗಳು ಇಂದಿಗೂ ಗ್ರಾನೈಟ್ ಮೇಲೆಯೇ ನಡೆಯುತ್ತಿವೆ.

ಸಂಯೋಜನೆಯ ತರಗತಿ ಸಾಮಾನ್ಯವಾಗಿ ಕೊನೆಗೆ. ಆರಂಭದಲ್ಲಿ ಹೇಳಿದ ಎಂಟು ಎಣಿಕೆಯ ಚಲನೆ ಅಲ್ಲಿ ಏನೇನು ಪಾಡು ಪಡುತ್ತದೆ ನೋಡಿ. ಅದನ್ನು ಕೊನೆಯಿಂದ ಮೊದಲಿಗೆ ಮಾಡಬೇಕು. ನೆಲದ ಮೇಲೆ ಮಲಗಿ ಮಾಡಬೇಕು. ಎಂಟನ್ನು ಮೂವತ್ತೆರಡಕ್ಕೆ ಹಿಗ್ಗಿಸಬೇಕು. ತನಗಿಂತ ಎತ್ತರದ, ಬೇರೆ ತರಬೇತಿಯ ಇನ್ನೊಬ್ಬರಿಗೆ ಕಲಿಸಿ, ಅವರ ಮೈಯಲ್ಲಿ ಅದು ಏನಾಯಿತು ನೋಡಬೇಕು. ಭರತನಾಟ್ಯದವರಿಗೆ ಒಮ್ಮೊಮ್ಮೆ ಹೀಗೆ ಹೇಳುತ್ತಾರೆ: ತಟ್ಟಡವು ಮಾಡಿ, ಆದರೆ ಸದ್ದು ಬರಬಾರದು. ತಟ್ಟುವ ಕಾಲು ನೆಲದಿಂದ ಕೂದಲೆಳೆ ಮೇಲೆ ನಿಲ್ಲಬೇಕು. ಆಗ ಇಷ್ಟು ವರ್ಷ ಸದ್ದಿನ ಹಿಂದೆ ಅಡಗಿದ್ದ ಭಾರದ ವರ್ಗಾವಣೆ ಬೆತ್ತಲಾಗುತ್ತದೆ. ಎಡದಿಂದ ಬಲಕ್ಕೆ ಸೊಂಟ ಸರಿಯುವ ಕ್ಷಣ ಕಾಣುತ್ತದೆ. ಆ ಸರಿಯುವಿಕೆಯೇ ಒಂದು ಹೊಸ ರಚನೆಯ ಬೀಜವಾಗಬಹುದು. ಶಾಸ್ತ್ರೀಯ ನೃತ್ಯ ಕೆಡುತ್ತದೆ ಎಂದು ಹೆದರುವ ಗುರುಗಳಿಗೆ ನಾನು ಹೇಳುವುದಿಷ್ಟು. ಈ ಕೆಲಸ ಮುಗಿಸಿ ಮತ್ತೆ ಸದ್ದಿನೊಂದಿಗೆ ತಟ್ಟಡವು ಮಾಡುವ ವಿದ್ಯಾರ್ಥಿಯನ್ನು ಒಮ್ಮೆ ನೋಡಿ. ಅಡವು ಇನ್ನಷ್ಟು ನಿಚ್ಚಳವಾಗಿರುತ್ತದೆ.

ವೇದಿಕೆಯ ವ್ಯಾಕರಣವನ್ನೂ ಇಲ್ಲಿಯೇ ಕಲಿಯುತ್ತಾರೆ. ಅದಕ್ಕೆ ಇಂದಿಗೂ ಆಧಾರ, ಹಂಫ್ರಿ ತೀರಿಕೊಂಡ ಮೇಲೆ 1959ರಲ್ಲಿ ಬಂದ ಅವರ ಪುಸ್ತಕ. ವೇದಿಕೆಯ ನಡುಭಾಗಕ್ಕೆ ಬಲ ಹೆಚ್ಚು, ಆದರೆ ಅಲ್ಲಿಯೇ ಬೀಡುಬಿಟ್ಟರೆ ಬಲ ಕರಗುತ್ತದೆ. ಹಿಂದಿನ ಮೂಲೆಯಿಂದ ಪ್ರೇಕ್ಷಕರ ಕಡೆಯ ಮೂಲೆಗೆ ಕರ್ಣರೇಖೆಯಲ್ಲಿ ನಡೆದು ಬರುವವನು, ಏನೂ ಮಾಡದಿದ್ದರೂ ಏನೋ ನಡೆಯಲಿದೆ ಎಂಬ ನಿರೀಕ್ಷೆ ಹುಟ್ಟಿಸುತ್ತಾನೆ. ಎರಡೂ ಬದಿ ಸಮನಾಗಿದ್ದರೆ ಶಾಂತಿ, ಒಂದು ಬದಿ ವಾಲಿದರೆ ತಳಮಳ. ನಮ್ಮ ಸಮೂಹ ನೃತ್ಯಗಳಲ್ಲಿ ಎಂಟು ಜನ ಎರಡು ಸಾಲಾಗಿ, ಎತ್ತರದವರು ಹಿಂದೆ, ಕುಳ್ಳರು ಮುಂದೆ ನಿಲ್ಲುವುದನ್ನು ಎಷ್ಟು ನೋಡಿದ್ದೇವೆ! ಅದು ಫೋಟೋಕ್ಕೆ ಸರಿ.

ಇಷ್ಟೆಲ್ಲ ಮಾಡಿದ ಮೇಲೆ ಸಹಪಾಠಿಗಳ ಎದುರು ತೋರಿಸಬೇಕು. ಇಡೀ ಪದವಿಯಲ್ಲಿ ಅತ್ಯಂತ ಬೆಲೆಬಾಳುವ ಗಳಿಗೆ ಇದೇ ಎನ್ನುತ್ತೇನೆ. ‘ಸೂಪರ್ ಆಗಿತ್ತು ಕಣೇ’ ಎಂದರೂ ಪ್ರಯೋಜನವಿಲ್ಲ, ‘ಬೋರಾಯ್ತು’ ಎಂದರೂ ಇಲ್ಲ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಇದಕ್ಕೊಂದು ಕ್ರಮ ರೂಪಿಸಿದರು, ಈಗ ಅನೇಕ ಕಾಲೇಜುಗಳಲ್ಲಿ ಅದು ಬಳಕೆಯಲ್ಲಿದೆ. ಮೊದಲು ನೋಡಿದವರು ತಮ್ಮನ್ನು ತಟ್ಟಿದ್ದೇನು, ನೆನಪಿನಲ್ಲಿ ಉಳಿದದ್ದೇನು ಎಂದು ಹೇಳಬೇಕು. ಆಮೇಲೆ ರಚನೆ ಮಾಡಿದವರು ತಮ್ಮ ಅನುಮಾನಗಳನ್ನು ಕೇಳಬೇಕು. ಅನಂತರ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಬಚ್ಚಿಟ್ಟಿರಬಾರದು. ‘ಇಷ್ಟು ಉದ್ದ ಏಕೆ ಮಾಡಿದೆ?’ ಎಂಬುದು ಪ್ರಶ್ನೆಯ ವೇಷದ ಟೀಕೆ. ‘ಕೊನೆಯ ಭಾಗಕ್ಕೆ ಎಷ್ಟು ಸಮಯ ಬೇಕೆಂದು ಹೇಗೆ ತೀರ್ಮಾನಿಸಿದೆ?’ ಎಂಬುದು ಪ್ರಶ್ನೆ. ಕಡೆಯಲ್ಲಿ, ಅದೂ ರಚನಕಾರರು ಒಪ್ಪಿದರೆ ಮಾತ್ರ, ಅಭಿಪ್ರಾಯ. ರಿಯಾಲಿಟಿ ಶೋಗಳ ಜಡ್ಜ್‌ಗಳನ್ನು ನೋಡಿ ಬೆಳೆದ ತಲೆಮಾರಿಗೆ ಇಂಥ ನಿಧಾನದ ನೋಟ ಕಲಿಸುವುದು ದೊಡ್ಡ ಕೆಲಸ. ಅದನ್ನು ಮಾಡುವ ಮೇಷ್ಟರುಗಳ ಮೇಲೆ ನನಗೆ ಅಪಾರ ಗೌರವ.

ಕಟ್ಟಿದ ನೃತ್ಯ ಯಾರದು? ಇದನ್ನೂ ಕಾಲೇಜಿನಲ್ಲಿಯೇ ತಿಳಿಯಬೇಕು, ಏಕೆಂದರೆ ಹೊರಗೆ ಯಾರೂ ಹೇಳಿಕೊಡುವುದಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಆದರೆ ಅದು ಬರಹದಲ್ಲಿ ಅಥವಾ ಬೇರೆ ರೀತಿಯಲ್ಲಿ ದಾಖಲಾಗಿರಬೇಕು. ಮೈಯಲ್ಲಿ ಮಾತ್ರ ಉಳಿದರೆ ಸಾಲದು. ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋದದ್ದು ನಮ್ಮ ಕಾರಂತರ ಯಕ್ಷಗಾನ ಬ್ಯಾಲೆಯ ವಿಷಯದಲ್ಲಿ. ಶಿವರಾಮ ಕಾರಂತರು ತೀರಿಕೊಂಡ ಮೇಲೆ ಅವರ ಬ್ಯಾಲೆಯನ್ನು ಪ್ರದರ್ಶಿಸುವ ಹಕ್ಕು ಯಾರಿಗಿದೆ ಎಂಬ ವ್ಯಾಜ್ಯ ಹುಟ್ಟಿತು. ನೃತ್ಯದ ಪ್ರದರ್ಶನ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುವುದಿಲ್ಲ, ನಾಟಕ ಕೃತಿಯ ಲೆಕ್ಕಕ್ಕೆ ಬರುತ್ತದೆ ಎಂದು ನ್ಯಾಯಾಲಯ 2009ರಲ್ಲಿ ಹೇಳಿತು. ಕಾರಂತರ ಉಯಿಲಿನ ಮೂಲಕ ಬಂದ ಹಕ್ಕನ್ನು ಎತ್ತಿಹಿಡಿಯಿತು. ನೃತ್ಯ ಓದುವ ಕನ್ನಡದ ಪ್ರತಿ ವಿದ್ಯಾರ್ಥಿಯೂ ಆ ತೀರ್ಪನ್ನು ಒಮ್ಮೆ ಓದಬೇಕು.

ದಾಖಲಿಸುವುದಕ್ಕೆ ಈಗ ಮೊಬೈಲ್ ಇದೆಯಲ್ಲ ಎನ್ನಬಹುದು. ವಿಡಿಯೋ ಒಬ್ಬ ನರ್ತಕ ಒಂದು ದಿನ ಹೇಗೆ ಮಾಡಿದ ಎಂಬುದನ್ನು ಹಿಡಿಯುತ್ತದೆ, ಅವನ ತಪ್ಪನ್ನೂ ಸೇರಿಸಿ. ನೃತ್ಯ ಸಿದ್ಧಾಂತಿ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿಯಾದರೋ ರಚನೆಯನ್ನೇ ಬರೆಯುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಗೆರೆಯ ಎಡಬಲ ದೇಹದ ಎಡಬಲ. ಚಿಹ್ನೆಯ ಆಕಾರ ದಿಕ್ಕನ್ನು, ಅದರೊಳಗಿನ ಛಾಯೆ ಎತ್ತರವನ್ನು, ಅದರ ಉದ್ದ ಕಾಲವನ್ನು ಹೇಳುತ್ತದೆ. ಸಂಗೀತದ ಸ್ವರಲಿಪಿಯಷ್ಟು ಅದು ಬಳಕೆಗೆ ಬರಲಿಲ್ಲ, ನಿಜ. ಆದರೆ ಒಂದು ಪುಟ ಬರೆದು ನೋಡಿದ ವಿದ್ಯಾರ್ಥಿಗೆ ತನ್ನ ಚಲನೆಯಲ್ಲಿ ಎಷ್ಟು ಅಸ್ಪಷ್ಟತೆ ಇತ್ತು ಎಂಬುದು ತಿಳಿಯುತ್ತದೆ.

ಕೆಲಸದ ಮಾತು ಬರಲೇಬೇಕು. ಮನೆಯವರು ಕೇಳುವ ಮೊದಲ ಪ್ರಶ್ನೆ ಅದೇ, ಮತ್ತು ಅದು ನ್ಯಾಯವಾದ ಪ್ರಶ್ನೆ. ತಿಂಗಳ ಸಂಬಳದ ನೃತ್ಯ ತಂಡಗಳು ನಮ್ಮಲ್ಲಿ ಬಹಳ ಕಡಿಮೆ. ಹೆಚ್ಚಿನವರು ಬೆಳಗ್ಗೆ ಶಾಲೆಯಲ್ಲಿ ಪಾಠ, ಸಂಜೆ ತಮ್ಮ ತರಗತಿ, ನಡುವೆ ಒಂದು ನಾಟಕಕ್ಕೆ ಚಲನೆ ನಿರ್ದೇಶನ, ಇನ್ನೊಂದು ಜಾಹೀರಾತಿನ ಕೆಲಸ ಎಂದು ಬದುಕು ಹೊಂದಿಸುತ್ತಾರೆ. ಚಲನಚಿತ್ರ, ರಂಗಭೂಮಿ, ನೃತ್ಯ ಚಿಕಿತ್ಸೆ, ವಿಶೇಷ ಚೇತನ ಮಕ್ಕಳೊಂದಿಗಿನ ಕೆಲಸ ಇವೆಲ್ಲ ಇವೆ, ಆದರೆ ಯಾವುದೂ ಪದವಿ ಪತ್ರ ತೋರಿಸಿದ ಮಾತ್ರಕ್ಕೆ ಸಿಗುವುದಿಲ್ಲ. ಇದನ್ನು ಮರೆಮಾಚಿ ಮಕ್ಕಳನ್ನು ಸೇರಿಸಿಕೊಳ್ಳುವುದು ಅನ್ಯಾಯ.

ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಸೇರಿದಂತೆ ರಾಜ್ಯದಲ್ಲಿ ನೃತ್ಯದ ಪದವಿ ಕೊಡುವ ಸಂಸ್ಥೆಗಳಿವೆ. ಶಾಸ್ತ್ರೀಯ ನೃತ್ಯದ ಪ್ರತಿಯೊಂದು ಪದವಿಯಲ್ಲೂ ಮೊದಲ ಸೆಮಿಸ್ಟರ್‌ನಿಂದಲೇ ವಾರಕ್ಕೆ ಎರಡು ಗಂಟೆಯಾದರೂ ಸಂಯೋಜನೆಯ ಪ್ರಯೋಗ ತರಗತಿ ಇರಬೇಕು ಎಂಬುದು ನನ್ನ ಆಗ್ರಹ. ಅಂಕ ಕೊಡುವಾಗ ಕೊನೆಯ ಪ್ರದರ್ಶನಕ್ಕಷ್ಟೇ ಅಲ್ಲ, ಬಿಸಾಡಿದ ಕರಡುಗಳಿಗೂ, ಅಭ್ಯಾಸದ ಟಿಪ್ಪಣಿ ಪುಸ್ತಕಕ್ಕೂ ಬೆಲೆ ಇರಬೇಕು.

ಈ ವರ್ಷ ಎಲ್ಲಿಗಾದರೂ ಅರ್ಜಿ ಹಾಕುವ ಯೋಚನೆಯಲ್ಲಿರುವವರು ಆ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಚಪ್ಪಲಿ ಬಿಟ್ಟು ಸ್ಟುಡಿಯೋದ ನೆಲದ ಮೇಲೆ ಒಮ್ಮೆ ಜಿಗಿದು ನೋಡಿ. ಸಂಯೋಜನೆಯ ತರಗತಿಗೆ ವಾರದಲ್ಲಿ ಎಷ್ಟು ಗಂಟೆ, ಅಲ್ಲಿ ಮೇಷ್ಟರು ಮಾತಾಡುವುದೆಷ್ಟು, ಮಕ್ಕಳು ಮಾತಾಡುವುದೆಷ್ಟು ಎಂದು ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ವಿಚಾರಿಸಿ. ಗಾಯವಾದರೆ ಯಾರ ಬಳಿ ಕಳಿಸುತ್ತಾರೆ ಎಂದೂ ಕೇಳಿ. ಕಳೆದ ವರ್ಷದ ವಾರ್ಷಿಕ ಪ್ರದರ್ಶನದ ಕರಪತ್ರ ಸಿಕ್ಕರೆ ಅದರಲ್ಲಿ ನೃತ್ಯ ಸಂಯೋಜನೆ ಎಂಬಲ್ಲಿ ಯಾರ ಹೆಸರಿದೆ ಗಮನಿಸಿ. ಹತ್ತು ನೃತ್ಯಗಳಿಗೂ ಅಧ್ಯಾಪಕರ ಹೆಸರೇ ಇದ್ದರೆ, ಇನ್ನೊಂದು ಕಾಲೇಜನ್ನು ನೋಡಿ.